ಅಡುಗೆಮನೆಗೆ ಬೀಗ ಹಾಕಿದವಳು

ಚಾಮರಾಜಪೇಟೆಯ ನಮ್ಮ ಬೀದಿಗೆ ಬಂದು ಸುಪ್ರಜಾ ಅನ್ನೋರ ಮನೆ ಯಾವುದು ಅಂತ ಕೇಳಿ ನೋಡಿ, ಜನ ತಲೆ ಕೆರೆದುಕೊಳ್ಳುತ್ತಾರೆ. ಅಡುಗೆಮನೆಗೆ ಬೀಗ ಹಾಕಿದ್ದಳಲ್ಲ, ಅವಳ ಮನೆ ಅಂತ ಕೇಳಿ, ಇಸ್ತ್ರಿ ಗಾಡಿಯವನು ಕೂಡ ಕೈ ಎತ್ತಿ ತೋರಿಸುತ್ತಾನೆ. ಹೆತ್ತ ಮಗನಿಗೆ ಹೊಟ್ಟೆತುಂಬ ಹಾಕದ ಮಹಾತಾಯಿ ಅನ್ನೋದು ಈ ಬೀದಿ ಅವಳಿಗೆ ಕೊಟ್ಟಿರೋ ಬಿರುದು. ಅದು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಎಷ್ಟು ದಿನ ಅಂತ ಒಳಗೇ ಉರಿದುಕೊಂಡಿರಲಿ? ಒಂದು ಸಲ ಪೂರ್ತಿ ಹೇಳಿಬಿಡ್ತೀನಿ, ಆಮೇಲೆ ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ನಾನು ಲಕ್ಷ್ಮೀದೇವಮ್ಮ, ಎದುರುಮನೆಯವಳು. ನಮ್ಮಪ್ಪ ಕನಕಪುರದ ಕಡೆಯಿಂದ ಬಂದು ತರಗುಪೇಟೆಯಲ್ಲಿ ಬೇಳೆ ಮಂಡಿ ಇಟ್ಟು ಈ ಮನೆ ತಗೊಂಡವರು. ಸುಪ್ರಜಾಳ ಗಂಡನ ಮನೆಯವರು ಅದಕ್ಕೂ ಮುಂಚಿನಿಂದ ಇಲ್ಲಿದ್ದವರು. ಮಾಧ್ವರು, ಬಲು ಮಡಿ. ಇಷ್ಟು ವರ್ಷದ ಒಡನಾಟವಿದ್ದರೂ ನನಗೆ ಆ ಮನೆಯಲ್ಲಿ ನಡುಮನೆವರೆಗೆ ಮಾತ್ರ ವೀಸಾ. ಅದಕ್ಕೆ ನನಗೇನೂ ಬೇಜಾರಿಲ್ಲ, ನಮ್ಮನೆಯ ಕೋಳಿಸಾರಿನ ವಾಸನೆಗೆ ಅವರು ಕಿಟಕಿ ಹಾಕಿಕೊಳ್ಳುತ್ತಿದ್ದರು, ಲೆಕ್ಕ ಸರಿಹೋಯಿತು. ಸುಪ್ರಜಾ ಸೊಸೆಯಾಗಿ ಬಂದ ಮೇಲೆ ನಾನಿದ್ದ ಸಹಕಾರಿ ಬ್ಯಾಂಕಿಗೇ ಕ್ಲರ್ಕಾಗಿ ಸೇರಿದಳು. ಪಕ್ಕಪಕ್ಕದ ಕೌಂಟರು. ಮೊದಲ ವಾರದಲ್ಲೇ ಅಕ್ಕ ಅಂತ ಕರೆದಳು. ನನಗೆ ತಂಗಿಯಿರಲಿಲ್ಲ.

ಅವಳ ಗಂಡ ವಾದಿರಾಜ ಒಳ್ಳೆಯವನು. ಒಳ್ಳೆಯವನು ಅಂದರೆ, ಅಮ್ಮ ಹೇಳಿದ್ದೂ ಸರಿ, ಹೆಂಡತಿ ಹೇಳಿದ್ದೂ ಸರಿ ಅಂದುಕೊಂಡು ಪೇಪರ್ ಓದುವ ಜಾತಿಯ ಒಳ್ಳೆಯವನು. ಮನೆ ನಡೆಯುತ್ತಿದ್ದದ್ದು ಅವನ ತಾಯಿ ಕಾವೇರಮ್ಮನವರ ಮಾತಿನ ಮೇಲೆ. ಕಾವೇರಮ್ಮನವರು ನಡೆಯುತ್ತಿದ್ದದ್ದು ವೆಂಕಟಾಚಲ ಡಾಕ್ಟರ ಮಾತಿನ ಮೇಲೆ. ಈ ವೆಂಕಟಾಚಲ ಡಾಕ್ಟರು ಆ ಮನೆಯ ಫ್ಯಾಮಿಲಿ ಡಾಕ್ಟರು. ನಾಲ್ಕನೇ ಮೇನ್ ರೋಡಿನಲ್ಲಿ ಒಂದು ಹಳೆಯ ಶಾಪು, ಹೊರಗೆ ಮರದ ಬೆಂಚು, ಒಳಗೆ ಕಾಂಪೌಂಡರು. ಆ ಮನೆಯ ಮೂರು ತಲೆಮಾರಿನ ನಾಲಿಗೆ ನೋಡಿದವರು. ಅವರು ಜ್ವರ ಅಂದರೆ ಜ್ವರ, ಇಲ್ಲ ಅಂದರೆ ಇಲ್ಲ.

ಸುಪ್ರಜಾಳ ಮಗ ಶ್ರೀಹರಿ ಹುಟ್ಟಿದಾಗ ಅಳಲೇ ಇಲ್ಲ. ಎತ್ತಿಕೊಂಡರೆ ಕತ್ತು ಒಂದು ಕಡೆ, ಕೈಕಾಲು ಒಂದು ಕಡೆ, ಹಿಂಡಿದ ಬಟ್ಟೆ ಹಾಗೆ ತೋಳಿನ ಮೇಲೆ ಜೋತುಬೀಳುತ್ತಿತ್ತು ಮಗು. ಮೊಲೆ ಬಾಯಿಗಿಟ್ಟರೆ ಚೀಪುವ ತ್ರಾಣವಿಲ್ಲ. ಸುಪ್ರಜಾ ಹಾಲು ಹಿಂಡಿ ಒಳಲೆಗೆ ಹಾಕಿ, ಹನಿಹನಿಯಾಗಿ ಗಂಟಲಿಗೆ ಇಳಿಸುತ್ತಿದ್ದಳು. ಒಂದು ಒಳಲೆ ಹಾಲು ಇಳಿಯುವಷ್ಟರಲ್ಲಿ ಮುಂದಿನ ಹಾಲಿನ ಹೊತ್ತಾಗಿರುತ್ತಿತ್ತು. ವೆಂಕಟಾಚಲ ಡಾಕ್ಟರು ಬಂದು ನೋಡಿ, ಸೋಂಬೇರಿ ಮಗು, ಬೆಳೀತಾ ಬೆಳೀತಾ ಸರಿಹೋಗ್ತಾನೆ ಅಂದರು. ಕಾವೇರಮ್ಮನವರು ಮಗು ಹೊಟ್ಟೆತುಂಬ ಉಣ್ಣೋ ಹಾಗಾದರೆ ಮಠದಲ್ಲಿ ಬೆಲ್ಲದ ತುಲಾಭಾರ ಮಾಡಿಸ್ತೀನಿ ಅಂತ ಹರಕೆ ಹೊತ್ತರು.

ಮೂರು ವರ್ಷಕ್ಕೆ ಮಗು ಉಣ್ಣತೊಡಗಿತು. ಅಯ್ಯೋ, ಆ ಮನೆಯ ಸಂಭ್ರಮ ನೀವು ನೋಡಬೇಕಿತ್ತು. ಅಜ್ಜಿ ತಟ್ಟೆ ಹಿಡಿದು ಕೂತರೆ ಮೊಮ್ಮಗ ಬಾಯಿ ತೆರೆದುಕೊಂಡೇ ಇರುತ್ತಿದ್ದ. ತುಲಾಭಾರ ಆಯಿತು. ತೂಗಿದ ಬೆಲ್ಲದ ಅಚ್ಚಿನ ಕಡೆಗೇ ಅವನು ತಕ್ಕಡಿಯಿಂದ ಕೈ ಚಾಚಿದ್ದಕ್ಕೆ ನೆರೆದವರೆಲ್ಲ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವನು ದೇವರ ಮನೆಯಲ್ಲಿಟ್ಟ ಬೆಣ್ಣೆ ಕದ್ದು ತಿಂದ. ಕಾವೇರಮ್ಮನವರು ನೆಟಿಗೆ ಮುರಿದು ದೃಷ್ಟಿ ತೆಗೆದು, ಸಾಕ್ಷಾತ್ ಕೃಷ್ಣ, ಬೆಣ್ಣೆ ಕಳ್ಳ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದರು. ಕೃಷ್ಣ ಬೆಣ್ಣೆಗೇ ನಿಲ್ಲಿಸಿದ್ದ. ಇವನು ಹಸಿ ಅಕ್ಕಿಹಿಟ್ಟು ತಿಂದ, ಮುಸುರೆಯಲ್ಲಿದ್ದ ಅನ್ನ ತಿಂದ, ಹಾಲಿನವನು ಹಸುವಿಗಿಟ್ಟ ಹಿಂಡಿ ತಿಂದ. ಹಿಂಡಿ ತಿಂದ ದಿನ ಸುಪ್ರಜಾ ಬ್ಯಾಂಕಿಗೆ ಬಂದು ಕೌಂಟರಿನ ಹಿಂದೆ ಲೆಡ್ಜರು ಕೂಡ ತೆರೆಯದೆ ಕೂತಿದ್ದಳು. ನಾನು ಏನಾಯ್ತೇ ಅಂತ ಕೇಳಿದೆ. ಇದು ತುಂಟಾಟ ಅಲ್ಲ ಅಕ್ಕ, ಏನೋ ಕಾಯಿಲೆ, ಯಾರೂ ನಂಬ್ತಿಲ್ಲ ಅಂದಳು. ನಾನು ನಂಬಿದೆ. ಅಷ್ಟೇ ನಾನು ಮಾಡಿದ ಉಪಕಾರ.

ಆಮೇಲೆ ಶುರುವಾಯಿತು ನೋಡಿ ನಮ್ಮ ಯಾತ್ರೆ. ವಾದಿರಾಜನಿಗೆ ರಜೆ ಸಿಗುತ್ತಿರಲಿಲ್ಲ, ಪಾಪ, ಅಂಥ ದೊಡ್ಡ ಆಫೀಸು. ನಾನೇ ಜೊತೆಗೆ ಹೋಗುತ್ತಿದ್ದೆ. ಮಲ್ಲೇಶ್ವರದ ಮಕ್ಕಳ ಡಾಕ್ಟರು ತೂಕ ನೋಡಿ, ಸುಪ್ರಜಾಳನ್ನು ಕೆಳಗಿಂದ ಮೇಲೆ ನೋಡಿ, ಏನಮ್ಮ, ತುರುಕಿ ತುರುಕಿ ಮಗೂನ ಹಾಳು ಮಾಡಿದೀರಲ್ಲ ಅಂದರು. ಬಸವನಗುಡಿಯವರು ಥೈರಾಯ್ಡ್ ಅಂದರು, ಟೆಸ್ಟಿನಲ್ಲಿ ಏನೂ ಇರಲಿಲ್ಲ. ಇನ್ನೊಬ್ಬರು ಹುಳು ಅಂದರು. ಮಿದುಳಿನ ಡಾಕ್ಟರು ಸ್ಕ್ಯಾನ್ ಮಾಡಿಸಿ ಮಿದುಳು ಚೆನ್ನಾಗಿದೆ ಅಂದರು. ಮನಸ್ಸಿನ ಡಾಕ್ಟರು ಮಗುವನ್ನು ಹೊರಗೆ ಕೂರಿಸಿ ತಾಯಿಗೇ ಪ್ರಶ್ನೆ ಕೇಳಿ, ತಾಯಿಗೆ ಆತಂಕ ಜಾಸ್ತಿ ಅಂತ ಮಾತ್ರೆ ಬರೆದುಕೊಟ್ಟರು. ಎಲ್ಲರೂ ಕೇಳಿದ ಇನ್ನೊಂದು ಮಾತು, ಹಸ್ಬೆಂಡ್ ಬಂದಿಲ್ವಾ. ಒಬ್ಬರ ಹತ್ತಿರ ನಾನು, ಬಂದಿದ್ರೆ ಅವರನ್ನೂ ತೂಗ್ತಿದ್ರಾ ಸಾರ್ ಅಂತ ಕೇಳಿಬಿಟ್ಟೆ. ಸುಪ್ರಜಾ ನನ್ನ ಕೈ ಹಿಚುಕಿದಳು. ಅವಳಿಗೆ ಬೈಸಿಕೊಳ್ಳೋಕೆ ತೊಂದರೆಯಿರಲಿಲ್ಲ, ಡಾಕ್ಟರು ಮುನಿಸಿಕೊಂಡರೆ ಅನ್ನೋದೇ ಭಯ.

ಅವಳ ಪಾಡು ಹೇಗಿತ್ತು ಅಂದರೆ, ಆಸ್ಪತ್ರೆಗೆ ಹೋದರೆ ಮಗುವಿಗೆ ತುರುಕುವ ತಾಯಿ, ಮನೆಗೆ ಬಂದರೆ ಮಗುವಿನ ತಟ್ಟೆ ಕಿತ್ತುಕೊಳ್ಳುವ ತಾಯಿ. ಒಂದೇ ದಿನದಲ್ಲಿ ಎರಡೂ ಬೈಗುಳ ತಿಂದು ಮಾರನೆಯ ದಿನ ಇನ್ನೊಬ್ಬ ಡಾಕ್ಟರ ಟೋಕನ್ನಿಗೆ ಫೋನ್ ಮಾಡುತ್ತಿದ್ದಳು. ಕೊನೆಗೆ ಕೆಲಸವನ್ನೇ ಬಿಟ್ಟಳು. ಬ್ಯಾಂಕಿನವರು ಹಾರ ಹಾಕಿ ಒಂದು ಗೋಡೆ ಗಡಿಯಾರ ಕೊಟ್ಟರು.

ದಾರಿ ತೋರಿಸಿದವರು ಯಾವ ಡಾಕ್ಟರೂ ಅಲ್ಲ. ಒಂದು ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂತಿದ್ದ ಬಿನ್ನಿಪೇಟೆಯ ಹೆಂಗಸು. ಅವರ ಮಗಳಿಗೆ ಬೇರೇನೋ ತೊಂದರೆ. ನಮ್ಮ ಪುರಾಣ ಕೇಳಿ, ಇಲ್ಲಿ ಯಾಕ್ರೀ ಕೂತಿದೀರಾ, ಹುಟ್ಟುತ್ತಲೇ ಬರೋ ಕಾಯಿಲೆಗೇ ಅಂತ ಬೇರೆ ಡಾಕ್ಟ್ರು ಇದಾರೆ, ಇಂಥ ಆಸ್ಪತ್ರೇಲಿ ವಾರಕ್ಕೊಂದು ದಿನ ಕೂರ್ತಾರೆ, ಹೋಗಿ ಅಂದರು. ಜೆನೆಟಿಕ್ಸ್ ಅನ್ನೋ ಮಾತನ್ನ ನಾನು ಮೊದಲು ಕೇಳಿದ್ದು ಆ ಹೆಂಗಸಿನ ಬಾಯಲ್ಲಿ. ಅಲ್ಲಿವರೆಗೆ ನೋಡಿದ ಅಷ್ಟು ಜನ ಡಾಕ್ಟರುಗಳಲ್ಲಿ ಒಬ್ಬರಿಗೂ ನನಗೆ ಗೊತ್ತಾಗ್ತಿಲ್ಲ, ಅಲ್ಲಿಗೆ ಹೋಗಿ ಅನ್ನೋ ಮನಸ್ಸು ಬಂದಿರಲಿಲ್ಲ. ಗೊತ್ತಿಲ್ಲ ಅಂದರೆ ಬೋರ್ಡಿನ ಮೇಲಿನ ಡಿಗ್ರಿ ಉದುರಿಹೋಗುತ್ತಿತ್ತೇನೋ.

ಆ ಡಾಕ್ಟರ ಹೆಸರು ಶರಣ್ಯ. ಇನ್ನೂ ಚಿಕ್ಕ ವಯಸ್ಸು. ನಾವು ಹೊತ್ತುಕೊಂಡು ಹೋಗಿದ್ದ ಫೈಲನ್ನು ಪಕ್ಕಕ್ಕಿಟ್ಟು ಮೊದಲು ಮಗುವಿನ ಅಂಗೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು ನೋಡಿದರು. ಅವನ ಕೈಕಾಲು ಮೈಗೆ ಹೋಲಿಸಿದರೆ ಪುಟಾಣಿಯವು, ನಾವು ಅದನ್ನ ಮುದ್ದು ಅಂದುಕೊಂಡಿದ್ದೆವು. ಕಣ್ಣಿನ ಆಕಾರ ನೋಡಿದರು. ಆಮೇಲೆ ಸುಪ್ರಜಾ ಕಡೆ ತಿರುಗಿ ಕೇಳಿದರು:

"ಹುಟ್ಟಿದಾಗ ಹಾಲು ಚೀಪ್ತಿದ್ನಾ?"

ಸುಪ್ರಜಾ ಅತ್ತುಬಿಟ್ಟಳು. ಆ ಪ್ರಶ್ನೆಯನ್ನ ಅಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೇ ಹೇಳಿದೆ, ಇಲ್ಲ ಮೇಡಂ, ಒಳಲೆಯಲ್ಲಿ ಹಾಕಿ ಬದುಕಿಸಿದ್ದು ಅಂತ.

ರಕ್ತ ಪರೀಕ್ಷೆಯಾಗಿ ಹೆಸರು ಸಿಕ್ಕಿತು. ಪ್ರಾಡರ್-ವಿಲಿ ಸಿಂಡ್ರೋಮ್. ನನ್ನ ನಾಲಿಗೆಗೆ ಅದು ಬರೋಕೆ ವಾರ ಬೇಕಾಯಿತು. ಹೊಟ್ಟೆ ತುಂಬಿತು ಅನ್ನೋ ಸುದ್ದಿ ಈ ಮಕ್ಕಳ ಮಿದುಳಿಗೆ ಮುಟ್ಟುವುದೇ ಇಲ್ಲವಂತೆ. ಉಂಡು ಎದ್ದ ಕ್ಷಣವೂ ನಾಲ್ಕು ದಿನದಿಂದ ಉಪವಾಸವಿದ್ದವರ ಹಸಿವು. ಮೊದಲು ಚೀಪಲೂ ಆಗದ ಮಗು, ಆಮೇಲೆ ನಿಲ್ಲಿಸಲು ಆಗದ ಮಗು, ಎರಡೂ ಒಂದೇ ಕಾಯಿಲೆ. ವಾಸಿ ಮಾಡುವ ಮದ್ದಿಲ್ಲ. ಬೆಳವಣಿಗೆಗೆ ಇಂಜೆಕ್ಷನ್ ಇದೆ, ಮಿಕ್ಕಿದ್ದೆಲ್ಲ ಅಳತೆಯ ಊಟ. ಅಡುಗೆಮನೆಗೆ, ಫ್ರಿಜ್ಜಿಗೆ, ಕಸದ ಡಬ್ಬಕ್ಕೂ ಬೀಗ. ಬೀಗವೇ ಇವನ ಔಷಧಿ ಅಂದುಕೊಳ್ಳಿ ಅಂದರು ಡಾಕ್ಟರು. ಇವನಿಗೆ ನೋವು ಸರಿಯಾಗಿ ಗೊತ್ತಾಗಲ್ಲ, ವಾಂತಿಯೂ ಸುಲಭಕ್ಕೆ ಬರಲ್ಲ, ವಿಪರೀತ ತಿಂದು ಹೊಟ್ಟೆ ಉಬ್ಬಿದರೆ ಒಂದು ಗಳಿಗೆಯೂ ಕಾಯಬೇಡಿ ಅಂತಲೂ ಹೇಳಿದರು.

ಯಾರಿಂದ ಬಂತು ಅಂತ ಸುಪ್ರಜಾ ಕೇಳಿದಳು. ಯಾರ ತಪ್ಪೂ ಅಲ್ಲ, ಅಕಸ್ಮಾತ್ತಾಗಿ ಆಗೋದು, ತಂದೆಯ ಕಡೆಯಿಂದ ಬರಬೇಕಾದ ಒಂದು ಚೂರು ಬಂದಿಲ್ಲ ಅಂತ ಡಾಕ್ಟರು ವಿವರಿಸಿದರು. ನೋಡಿ, ಮಗು ಹುಟ್ಟಿದ ದಿನದಿಂದ ಕಾವೇರಮ್ಮನವರು ಇದು ನಿಮ್ಮ ಕಡೆಯ ರಕ್ತ ಅಂತ ಸೊಸೆಯನ್ನ ಚುಚ್ಚಿದ್ದು ಬೀದಿಗೆಲ್ಲ ಗೊತ್ತು. ಆಟೋದಲ್ಲಿ ಬರುವಾಗ ನಾನು, ಹೋಗಿ ಮೊದಲು ಇದನ್ನ ಹೇಳೇ ನಿಮ್ಮತ್ತೆಗೆ ಅಂದೆ. ಅವಳು, ಬೇಡ ಅಕ್ಕ, ಅವರು ಕೊರಗ್ತಾರೆ ಅಂದಳು. ಕೊನೆಯವರೆಗೂ ಹೇಳಲಿಲ್ಲ. ಈಗ ನಾನು ಹೇಳ್ತಿದೀನಿ, ಕೊರಗಲಿ.

ಡಾಕ್ಟರು ಸಿಕ್ಕಿದರು, ಇನ್ನು ಗೆದ್ದೆವು ಅಂದುಕೊಂಡಿದ್ದೆ ನಾನು. ಆದರೆ ಡಾಕ್ಟರನ್ನ ಹುಡುಕೋದು ಸುಲಭ, ಅವರ ಮಾತನ್ನ ಆ ಮನೆಯ ಹೊಸ್ತಿಲು ದಾಟಿಸೋದು ಕಷ್ಟವಾಯಿತು. ಕಾವೇರಮ್ಮನವರು ಎಲ್ಲ ಕೇಳಿಸಿಕೊಂಡು, ವೆಂಕಟಾಚಲ ಡಾಕ್ಟ್ರು ಹೇಳಲಿ ನೋಡೋಣ ಅಂದರು. ವೆಂಕಟಾಚಲ ಡಾಕ್ಟರು ರಿಪೋರ್ಟನ್ನು ಮೂಗಿನ ತುದಿಯಲ್ಲಿ ನೋಡಿ, ಈಗಿನವರಿಗೆ ಟೆಸ್ಟ್ ಬರೆಯೋದು ಬಿಟ್ಟು ಏನು ಬರುತ್ತೆ, ಬೆಳೆಯೋ ಹುಡುಗ ತಿನ್ನಲಿ ಅಂದರು. ಅಲ್ಲಿಗೆ ಮುಗಿಯಿತು.

ಸುಪ್ರಜಾ ಬಿಡಲಿಲ್ಲ. ಬೆಳಿಗ್ಗೆ ಹೊತ್ತು ಹೋಗಿ ಅವರ ಶಾಪಿನ ಬೆಂಚಿನ ಮೇಲೆ, ನೆಗಡಿ ಜ್ವರದವರ ನಡುವೆ ಕೂರುತ್ತಿದ್ದಳು. ಎಲ್ಲರದೂ ಮುಗಿದ ಮೇಲೆ ಒಳಗೆ ಹೋಗಿ, ಒಂದೇ ಒಂದು ಸಲ ಶರಣ್ಯ ಡಾಕ್ಟ್ರ ಹತ್ತಿರ ಮಾತಾಡಿ ಅನ್ನುತ್ತಿದ್ದಳು. ಮೊದಮೊದಲು ಗದರಿದರು. ಆಮೇಲೆ ಸುಮ್ಮನಾದರು. ಒಂದು ದಿನ ಅವರಿಗೇ ಏನನ್ನಿಸಿತೋ, ಫೋನ್ ಮಾಡಿಸಿ ಮಾತಾಡಿದರು. ಆ ಮನುಷ್ಯನಿಗೆ ಆ ದೊಡ್ಡತನವಾದರೂ ಇತ್ತು, ಸುಳ್ಳು ಹೇಳಬಾರದು. ಒಂದು ಬೆಳಿಗ್ಗೆ ಕೊಡೆ ಊರಿಕೊಂಡು ತಾವೇ ಮನೆಗೆ ಬಂದರು. ನಾನೂ ನಡುಮನೆಯಲ್ಲಿದ್ದೆ.

"ಕಾವೇರಮ್ಮನೋರೇ, ನಾನು ತಪ್ಪು ತಿಳ್ಕೊಂಡಿದ್ದೆ. ನಿಮ್ಮ ಸೊಸೆ ಹೇಳಿದ್ದೇ ಸರಿ. ಈ ಮಗೂಗೆ ಅಳತೆ ಮೀರಿ ಕೊಟ್ಟದ್ದೆಲ್ಲ ವಿಷ."

ಕಾವೇರಮ್ಮನವರು ತಲೆಯಾಡಿಸಿದರು, ಕಾಫಿ ಕೊಟ್ಟರು, ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಸುಪ್ರಜಾ ಮುಖದಲ್ಲಿ ಎಷ್ಟೋ ವರ್ಷದ ಮೇಲೆ ಬೆಳಕು ಕಂಡೆ. ಡಾಕ್ಟರ ಕೊಡೆ ಗೇಟು ದಾಟಿದ್ದೇ ತಡ, ಕಾವೇರಮ್ಮನವರು ನಿಟ್ಟುಸಿರು ಬಿಟ್ಟು, ಪಾಪ, ವಯಸ್ಸಾಯ್ತು ಅವರಿಗೆ, ಅರಳುಮರಳು ಶುರುವಾಗಿದೆ ಅಂದರು. ಅವತ್ತಿನಿಂದ ಆ ಮನೆಯವರು ಬೇರೆ ಡಾಕ್ಟರ ಹತ್ತಿರ ಹೋಗತೊಡಗಿದರು. ಇವರು ಮೂರು ತಲೆಮಾರು ನಂಬಿದ್ದು ಡಾಕ್ಟರನ್ನಲ್ಲ, ತಮಗೆ ಬೇಕಾದ್ದನ್ನ ಹೇಳುವ ಬಾಯನ್ನ ಅಂತ ನನಗೆ ಅವತ್ತು ಗೊತ್ತಾಯಿತು.

ಸುಪ್ರಜಾ ಮಾರನೆಯ ದಿನವೇ ಅವೆನ್ಯೂ ರಸ್ತೆಗೆ ಹೋಗಿ ಬೀಗ ತಂದಳು. ಅನ್ನಪೂರ್ಣೆ ಇರೋ ಜಾಗಕ್ಕೆ ಬೀಗವಾ ಅಂತ ಅತ್ತೆ ಒಂದು ಹೊತ್ತು ಊಟ ಬಿಟ್ಟರು. ವಾದಿರಾಜ ಇಬ್ಬರದೂ ಸರಿ ಅಂದ. ಸುಪ್ರಜಾ ಬೀಗದ ಕೈಯನ್ನ ತಾಳಿಸರದ ಜೊತೆಗೇ ಪೋಣಿಸಿಕೊಂಡಳು. ಅಲ್ಲಿಂದಲೇ ಅವಳಿಗೆ ಬೀದಿಯಲ್ಲಿ ಆ ಹೆಸರು ಬಂದದ್ದು.

ಆದರೆ ಒಂದು ಮಾತು ಹೇಳ್ತೀನಿ, ಆ ಬೀಗ ಬಿದ್ದ ಮೇಲೆ ಹುಡುಗ ಹೂವಾದ. ಊಟದ ಹೊತ್ತು ಇಂಥದ್ದು, ತಟ್ಟೆಯಲ್ಲಿ ಇಂತಿಷ್ಟು, ಅದರಾಚೆ ಎಲ್ಲೂ ಏನೂ ಸಿಗಲ್ಲ ಅಂತ ಖಾತ್ರಿಯಾದ ಮೇಲೆ ಹುಡುಕಾಟ ಬಿಟ್ಟ, ರಂಪ ಕಮ್ಮಿಯಾಯಿತು, ತೂಕ ಇಳಿಯಿತು. ಚಿತ್ರದ ಚೂರುಗಳನ್ನು ಜೋಡಿಸುವ ಆಟದಲ್ಲಿ ಅವನನ್ನ ಮೀರಿಸೋರಿಲ್ಲ, ದೊಡ್ಡವರು ಒಂದು ದಿನ ತಿಣುಕುವುದನ್ನ ಇವನು ಮಾತಾಡ್ತಾ ಮಾತಾಡ್ತಾ ಮುಗಿಸುತ್ತಿದ್ದ. ಸಂಜೆ ನಮ್ಮ ಜಗಲಿಗೆ ಬಂದು ಕೂತು, ಆಂಟಿ, ನಿಮ್ಮನೇಲಿ ಇವತ್ತು ಬಸ್ಸಾರಾ ಅಂತ ಕೇಳುತ್ತಿದ್ದ. ಹೌದು ಕಣೋ, ನಿನಗಿಲ್ಲ ಅಂದರೆ ನಗುತ್ತಿದ್ದ. ಬೀದಿಯವರೇ ಸುಪ್ರಜಾಗೆ ಶತ್ರುಗಳಾದದ್ದು. ರಾಮನವಮಿ ಬಂದರೆ ಮೂಲೆಮೂಲೆಗೆ ಪಾನಕ, ಕೋಸಂಬರಿ. ಶನಿವಾರ ಬಂದರೆ ಗುಡಿಯಲ್ಲಿ ದೊನ್ನೆ ಪುಳಿಯೋಗರೆ. ಪ್ರಸಾದ ಬೇಡ ಅಂದರೆ ನಾಸ್ತಿಕಳು, ಕೊಟ್ಟವರಿಗೆ ತಿರುಗಿ ಕೊಟ್ಟರೆ ಕೊಬ್ಬಿನವಳು. ಪ್ರೀತಿಯಿಂದ ಕೊಡೋದು ಕಣ್ರೀ ಅಂತ ಎಲ್ಲರೂ ಅನ್ನುತ್ತಿದ್ದರು. ಪ್ರೀತಿ ಅನ್ನೋ ಮಾತು ಕೇಳಿದರೆ ಈಗಲೂ ನನಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬರುತ್ತದೆ.

ಹುಡುಗನಿಗೆ ಹನ್ನೊಂದು ತುಂಬುತ್ತಾ ಬಂದಾಗ ಕಾವೇರಮ್ಮನವರು ಉಪನಯನದ ಮಾತೆತ್ತಿದರು. ಸುಪ್ರಜಾಗೆ ಭಿಕ್ಷೆಯದೇ ಚಿಂತೆ. ನಮ್ಮ ಜನರಲ್ಲಿ ಆ ಕ್ರಮವಿಲ್ಲ, ಅವಳೇ ವಿವರಿಸಿದ್ದು. ಜನಿವಾರ ಹಾಕಿದ ಮೇಲೆ ಹುಡುಗ ಜೋಳಿಗೆ ಹಿಡಿದು ಭಿಕ್ಷೆ ಬೇಡಬೇಕು, ತಾಯಿ ಮೊದಲು ಅಕ್ಕಿ ಹಾಕಬೇಕು, ಆಮೇಲೆ ಬಂದ ಹೆಂಗಸರೆಲ್ಲ ಹಾಕಬೇಕು. ಅಕ್ಕಿಯ ಜೊತೆ ಲಾಡು, ಉಂಡೆ, ಚಕ್ಕುಲಿ ಹಾಕೋದು ರೂಢಿ. ಅಕ್ಕಿ ಕಾಯಿ ಬಿಟ್ಟು ಬೇರೇನೂ ಬೇಡ ಅಂದಳು ಸುಪ್ರಜಾ. ಅತ್ತೆ ಆಯ್ತಮ್ಮ ಅಂದರು. ವಾದಿರಾಜ ಜೋಳಿಗೆ ನನ್ನ ಕೈಯಲ್ಲೇ ಇರುತ್ತೆ ಅಂತ ಮಾತು ಕೊಟ್ಟ. ಅಷ್ಟಾದರೂ ಅವಳು ಬರುವವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಬೇಡಿಕೊಂಡಳು. ಅವಳ ಫೋನಾದ ಮೇಲೆ ಕಾವೇರಮ್ಮನವರು ಅವರಿಗೇ ಮತ್ತೆ ಫೋನ್ ಮಾಡಿ, ಅವಳು ಹಾಗೇ ಅಂತಾಳೆ, ನೀವು ಪದ್ಧತಿ ಪ್ರಕಾರ ತನ್ನಿ ಅಂದಿದ್ದರು. ಇದು ನಮಗೆ ಆಮೇಲೆ ಗೊತ್ತಾದದ್ದು.

ಬಸವನಗುಡಿಯ ಛತ್ರ. ಮುಂಡನವಾಗಿ, ಹಳದಿ ಪಂಚೆ ಉಟ್ಟು, ಕೈಯಲ್ಲಿ ದಂಡ ಹಿಡಿದು ಹುಡುಗ ನಿಂತಿದ್ದರೆ ನನ್ನ ಕಣ್ಣೇ ತಾಗೀತು ಅನ್ನಿಸಿತು. ಭವತಿ ಭಿಕ್ಷಾಂ ದೇಹಿ ಅಂತ ತಾಯಿಯ ಮುಂದೆ ಜೋಳಿಗೆ ಒಡ್ಡಿದ. ಸುಪ್ರಜಾ ಅಕ್ಕಿ ಹಾಕಿದಳು. ಮುಂದಿನವರು ಕಾವೇರಮ್ಮ. ಸೆರಗಿನೊಳಗಿಂದ ಡಬ್ಬಿ ತೆಗೆದು ದಪ್ಪ ದಪ್ಪ ಬೂಂದಿ ಲಾಡು ಹಾಕಿದರು. ಅವರ ಹಿಂದೆ ಸಾಲಾಗಿ ಅತ್ತೆಯರು, ಚಿಕ್ಕಮ್ಮಂದಿರು, ಬೀದಿಯವರು. ರವೆಉಂಡೆ, ಬೇಸನ್ ಉಂಡೆ, ಕೊಬ್ಬರಿಮಿಠಾಯಿ, ಚಕ್ಕುಲಿ, ದ್ರಾಕ್ಷಿ ಗೋಡಂಬಿ. ಆ ಹುಡುಗನ ಮುಖ ನೋಡಬೇಕಿತ್ತು ನೀವು. ಬುದ್ಧಿ ಬಂದಾಗಿನಿಂದ ಬೇಡಿ ಬೇಡಿ ಬೈಸಿಕೊಂಡವನು ಅವನು. ಅವತ್ತು ಒಬ್ಬೊಬ್ಬರ ಮುಂದೆಯೂ ಬೇಡಿದ, ಒಬ್ಬೊಬ್ಬರೂ ಕೊಟ್ಟರು, ಕೊಟ್ಟು ಹರಸಿದರು.

ಸುಪ್ರಜಾ ಹೋಗಿ ಜೋಳಿಗೆಗೆ ಕೈ ಹಾಕಿದಳು. ಕಾವೇರಮ್ಮನವರು ಎಲ್ಲರ ಎದುರಿಗೆ, ಬ್ರಹ್ಮಚಾರಿ ಬೇಡಿದಾಗ ಇಲ್ಲ ಅಂದರೆ ಪಾಪ ಸುತ್ಕೊಳ್ಳುತ್ತೆ, ಇವತ್ತೊಂದಿನ ನಿನ್ನ ಡಾಕ್ಟ್ರಿಕೆ ಬಿಡು ಅಂದರು. ಯಾರೋ ಇಬ್ಬರು ಅವಳ ಭುಜ ಹಿಡಿದು, ಶುಭಕಾರ್ಯದಲ್ಲಿ ಅಳಬಾರದು ಬಾಮ್ಮ ಅಂತ ಪಕ್ಕಕ್ಕೆ ಕರೆದೊಯ್ದರು. ಭಿಕ್ಷೆ ಮುಗಿದ ಮೇಲೆ ವಾದಿರಾಜ ಮಾತಿನಂತೆ ಜೋಳಿಗೆ ಇಸಿದುಕೊಂಡ. ಛತ್ರದಲ್ಲಿ ತಮಗೆ ಕೊಟ್ಟಿದ್ದ ರೂಮಿನಲ್ಲಿಟ್ಟು ಬೀಗ ಹಾಕಿ ಬಂದ. ಊಟವಾದ ಮೇಲೆ ಹುಡುಗನಿಗೆ ಸುಸ್ತಾಗಿದೆ, ಸ್ವಲ್ಪ ಮಲಗಲಿ ಅಂತ, ಅದೇ ರೂಮಿನ ಬೀಗ ತೆಗೆದು ಒಳಗೆ ಮಲಗಿಸಿ, ಗದ್ದಲ ಕೇಳಿಸದಿರಲಿ ಅಂತ ಬಾಗಿಲೆಳೆದುಕೊಂಡು, ಪುರೋಹಿತರಿಗೆ ತಾಂಬೂಲ ಕೊಡಲು ಹೋದ. ಸುಪ್ರಜಾ ಬಂದವರಿಗೆಲ್ಲ ಅರಿಶಿನ ಕುಂಕುಮ ಕೊಡುತ್ತಾ ಬಾಗಿಲಲ್ಲಿ ನಿಂತಿದ್ದಳು. ಮಗ ಎಲ್ಲಿ ಅಂತ ಅವಳು ಕೇಳಿದ್ದಕ್ಕೆ, ಅಪ್ಪನ ಹತ್ತಿರ ಇದಾನೆ ಅಂತ ಯಾರೋ ಅಂದರಂತೆ. ಗಂಡ ಪುರೋಹಿತರ ಹತ್ತಿರ ಒಬ್ಬನೇ ಇರೋದು ಕಂಡು ಅವಳು ಹೋಗಿ ರೂಮಿನ ಬಾಗಿಲು ತೆಗೆದಾಗ ಜೋಳಿಗೆಯಲ್ಲಿ ಅಕ್ಕಿ ಮಾತ್ರ ಉಳಿದಿತ್ತು.

ಅವಳು ಅಲ್ಲಿಂದಲೇ ಆಸ್ಪತ್ರೆಗೆ ಹೊರಟಳು, ನಾನು ಜೊತೆಗೆ. ಹತ್ತಿರದ ನರ್ಸಿಂಗ್ ಹೋಮ್. ಡ್ಯೂಟಿ ಡಾಕ್ಟರು ಹೊಟ್ಟೆ ಒತ್ತಿ, ನೋವಾಗುತ್ತಾ ಪುಟ್ಟ ಅಂತ ಕೇಳಿದ. ಹುಡುಗ ಇಲ್ಲ ಅಂದ. ವಾಂತಿ ಬರೋ ಹಾಗಿದೆಯಾ ಅಂದ, ಇಲ್ಲ. ಹಬ್ಬದೂಟ, ಗ್ಯಾಸ್ ಅಷ್ಟೇ ಅಂತ ಇಂಜೆಕ್ಷನ್ ಕೊಟ್ಟ. ಸುಪ್ರಜಾ ಕೈಮುಗಿದು, ಇವನಿಗೆ ನೋವು ಗೊತ್ತಾಗಲ್ಲ, ವಾಂತಿ ಬರಲ್ಲ, ಇಂಥ ಸಿಂಡ್ರೋಮ್, ಎಕ್ಸ್‌ರೇ ತೆಗೀರಿ, ಸರ್ಜನ್ ಕರೀರಿ ಅಂತ ಗಿಣಿಗೆ ಹೇಳಿದ ಹಾಗೆ ಹೇಳಿದಳು. ಅವನು ಅವಳಿಂದಲೇ ಸ್ಪೆಲಿಂಗ್ ಕೇಳಿ ಮೊಬೈಲಿನಲ್ಲಿ ನೋಡಿದ. ನೋಡಿ, ದೊಡ್ಡ ಡಾಕ್ಟ್ರು ಬರಲಿ ಅಂದ. ಶರಣ್ಯ ಡಾಕ್ಟರು ಅಷ್ಟೊತ್ತಿಗೆ ಕೆಲಸ ಬದಲಿಸಿ ದೆಹಲಿಯ ಆಸ್ಪತ್ರೆಗೆ ಹೋಗಿಯಾಗಿತ್ತು. ಫೋನಿನಲ್ಲಿ ಸಿಕ್ಕಿದರು, ಈ ಡ್ಯೂಟಿ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಕೂಗಾಡಿದರು. ಅವನು ಎಸ್ ಮ್ಯಾಮ್, ಎಸ್ ಮ್ಯಾಮ್ ಅಂದು ಫೋನಿಟ್ಟು, ದೊಡ್ಡ ಡಾಕ್ಟ್ರು ಬರಲಿ ಅಂದ. ಬೇರೆ ಆಸ್ಪತ್ರೆಗೆ ಕರಕೊಂಡು ಹೋಗ್ತೀವಿ, ಬಿಡಿ ಅಂದದ್ದಕ್ಕೂ ಅದೇ ಮಾತು.

ದೊಡ್ಡ ಡಾಕ್ಟರು ಬಂದದ್ದು ಮಾರನೆಯ ಬೆಳಿಗ್ಗೆ. ಅಷ್ಟರಲ್ಲಿ ಹೊಟ್ಟೆ ತಮಟೆ ಹಾಗೆ ಬಿಗಿದಿತ್ತು. ಅವರು ಒಂದು ಸಲ ಮುಟ್ಟಿ ನೋಡಿ, ಇಷ್ಟು ಹೊತ್ತು ಯಾಕೆ ಇಟ್ಕೊಂಡ್ರಿ ಅಂತ ನಮ್ಮನ್ನೇ ಬೈದು ಆಂಬುಲೆನ್ಸ್ ಕರೆಸಿದರು. ಅದರಲ್ಲಿ ಕೂತಾಗಲೂ ಹುಡುಗ ನನ್ನ ಕಡೆ ನೋಡಿ, ಆಂಟಿ, ತಿಂಡಿ ಕೊಡಲ್ವಾ ಅಂದ. ಹೊಸ ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದ ಸರ್ಜನ್, ಹೊಟ್ಟೆಯ ಗೋಡೆ ಸತ್ತುಹೋಗಿ ಒಡೆದಿದೆ ಅಂದರು. ಮಧ್ಯಾಹ್ನ ಹುಡುಗ ಹೋದ.

ಹದಿಮೂರನೆಯ ದಿನದ ಸಮಾರಾಧನೆಗೆ ನನ್ನನ್ನೂ ಕರೆದಿದ್ದರು. ಹೋದವರಿಗೆ ಇಷ್ಟವಾಗಿದ್ದ ತಿಂಡಿಗಳನ್ನ ಅವತ್ತು ಮಾಡಿಸೋದು ಅವರಲ್ಲಿ ಪದ್ಧತಿ. ಬೆಳಿಗ್ಗೆ ಅಡುಗೆಯವರು ಬಂದು, ಹುಡುಗನಿಗೆ ಏನೇನು ಇಷ್ಟವಿತ್ತಮ್ಮ ಅಂತ ಕೇಳಿದರು. ಸುಪ್ರಜಾ, ಇಷ್ಟವಿಲ್ಲದ್ದು ಅಂತ ಯಾವುದೂ ಇರಲಿಲ್ಲ, ಎಲ್ಲ ಮಾಡಿ ಅಂದಳು. ತಾಳಿಸರದಿಂದ ಬೀಗದ ಕೈ ಬಿಚ್ಚಿ ಅವರ ಕೈಗೆ ಕೊಟ್ಟಳು.

ಪಂಕ್ತಿ ಕೂತಿತು. ಅತ್ತೆಯರು, ಚಿಕ್ಕಮ್ಮಂದಿರು, ಬೀದಿಯವರು, ಛತ್ರದಲ್ಲಿ ಸಾಲಾಗಿ ನಿಂತಿದ್ದವರೇ ಇಲ್ಲಿ ಸಾಲಾಗಿ ಕೂತರು. ಸುಪ್ರಜಾ ಸೆರಗು ಬಿಗಿದು ತಾನೇ ಬಡಿಸಲು ನಿಂತಳು. ಲಾಡಿನ ಪಾತ್ರೆ ಅವಳ ಕೈಯಲ್ಲಿ. ಮೊದಲ ಸುತ್ತು ಬಡಿಸಿದಳು. ಎರಡನೇ ಸುತ್ತು ಬಂದಳು. ಜನ ಮುಖಮುಖ ನೋಡಿಕೊಂಡು ಹಾಕಿಸಿಕೊಂಡರು. ಮೂರನೇ ಸುತ್ತಿಗೆ ಕಾವೇರಮ್ಮನವರ ಎಲೆಯ ಮುಂದೆ ನಿಂತು ಒಂದು ಹಾಕಿದಳು, ಇನ್ನೊಂದು ಹಾಕಿದಳು. ಅವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಸಾಕಮ್ಮ, ಸಾಕು ಅಂದರು.

"ಸಾಕು ಅನ್ನೋದು ನಿಮಗೆ ಬರುತ್ತೆ ಅತ್ತೆ. ಅವನಿಗೆ ಬರ್ತಿರ್ಲಿಲ್ಲ. ಅಷ್ಟೇ ಅವನ ಕಾಯಿಲೆ. ಅಷ್ಟನ್ನ ನಿಮಗೆ ಹೇಳಿಸೋಕೆ ನಾನು ಊರಲ್ಲಿರೋ ಡಾಕ್ಟ್ರನ್ನೆಲ್ಲ ಹುಡುಕಿದೆ."

ಕಾವೇರಮ್ಮನವರು ಕೈ ತೆಗೆಯಲಿಲ್ಲ. ಸುಪ್ರಜಾ ಆ ಕೈಗಳ ಮೇಲೆಯೇ ಇನ್ನೊಂದು ಲಾಡು ಇಟ್ಟು ಮುಂದಿನ ಎಲೆಗೆ ಹೋದಳು.